ವಕೀಲಿ ವಿದ್ಯೆಯೂ ಕೃತಕ ಬುದ್ಧಿಮತ್ತೆಯೂ

ನ್ಯಾಯಾಲಯದಲ್ಲಿ ವಾದಿಸುವ ವಕೀಲನು ತನ್ನ ಮಾತಿಗೆ ಆಧಾರವಾಗಿ ಹಿಂದಿನ ತೀರ್ಪುಗಳನ್ನು ಉದಾಹರಿಸುವುದು ಬಹುಕಾಲದಿಂದ ನಡೆದುಬಂದ ಪರಿಪಾಠ. ಮೇಲಿನ ನ್ಯಾಯಾಲಯವು ಒಮ್ಮೆ ನಿರ್ಣಯಿಸಿದ ತತ್ತ್ವವನ್ನು ಕೆಳಗಿನ ನ್ಯಾಯಾಲಯಗಳು ಅನುಸರಿಸತಕ್ಕದ್ದೆಂಬುದು ನಮ್ಮ ನ್ಯಾಯಪದ್ಧತಿಯ ಅಡಿಗಲ್ಲು. ಹೀಗಿರುವಾಗ, ಉದಾಹರಿಸಿದ ತೀರ್ಪೇ ಲೋಕದಲ್ಲಿ ಇಲ್ಲವಾದರೆ?

ಇದು ಬರಿಯ ಊಹೆಯ ಪ್ರಶ್ನೆಯಲ್ಲ. 2024ರ ಡಿಸೆಂಬರ್ ಕೊನೆಯಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠವು ಒಂದು ಆದೇಶವನ್ನು ಹೊರಡಿಸಿತು. ಅದರಲ್ಲಿ ಆಧಾರವಾಗಿ ತೋರಿಸಿದ್ದ ಕೆಲವು ತೀರ್ಪುಗಳು ಹುಡುಕಿದವರಿಗೆ ಎಲ್ಲಿಯೂ ದೊರೆಯಲಿಲ್ಲ. ಸ್ವಲ್ಪ ದಿನಗಳಲ್ಲಿಯೇ ನ್ಯಾಯಮಂಡಳಿಯು ತನ್ನ ಆದೇಶವನ್ನು ತಾನೇ ಹಿಂತೆಗೆದುಕೊಂಡಿತು. 2025ರ ಮಾರ್ಚ್ ತಿಂಗಳಲ್ಲಿ, ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶವನ್ನು ಪರಿಶೀಲಿಸುತ್ತಿದ್ದ ಕರ್ನಾಟಕ ಹೈಕೋರ್ಟಿಗೂ ಇಂಥದೇ ಸಂಗತಿ ಎದುರಾಯಿತು. ಸುಪ್ರೀಂ ಕೋರ್ಟಿನವೆಂದು ಅದರಲ್ಲಿ ಹೆಸರಿಸಿದ್ದ ತೀರ್ಪುಗಳು ಇರಲೇ ಇಲ್ಲ. ಅವು ಯಂತ್ರದ ಸೃಷ್ಟಿಯೆಂದು ಹೈಕೋರ್ಟು ತೀರ್ಮಾನಿಸಲಿಲ್ಲ; ಈ ವಿಷಯ ಇನ್ನಷ್ಟು ವಿಚಾರಣೆಗೆ ಒಳಪಡಬೇಕೆಂದಿತು. ಆದರೆ ಎರಡು ವರ್ಷಗಳ ಹಿಂದೆ, 2023ರಲ್ಲಿ, ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ನಡೆದ ಪ್ರಸಂಗದಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ. ವಿಮಾನಯಾನ ಸಂಸ್ಥೆಯೊಂದರ ವಿರುದ್ಧ ದಾವೆ ಹೂಡಿದ್ದ ವಕೀಲರು ಚಾಟ್‌ಜಿಪಿಟಿ ಎಂಬ ಭಾಷಾಯಂತ್ರದಿಂದ ತೀರ್ಪುಗಳನ್ನು ಪಡೆದು ನ್ಯಾಯಾಲಯಕ್ಕೆ ಸಲ್ಲಿಸಿದರು. ಅವುಗಳಲ್ಲಿ ಆರು ಶುದ್ಧ ಕಟ್ಟುಕಥೆ. ನ್ಯಾಯಾಧೀಶರು 5000 ಡಾಲರುಗಳ ದಂಡ ವಿಧಿಸಿದರು. ಇದರಲ್ಲಿ ಸೋಜಿಗದ ಅಂಶವೆಂದರೆ, ಈ ತೀರ್ಪುಗಳು ನಿಜವಾದವೇ ಎಂದು ವಕೀಲರು ಕೇಳಿದ್ದುಂಟು. ಕೇಳಿದ್ದು ಮಾತ್ರ ಅದೇ ಯಂತ್ರವನ್ನು! ಅದು ಹೌದೆಂದಿತು.

ಭೌತವಿಜ್ಞಾನವನ್ನು ಬೋಧಿಸುವವನಿಗೆ ವಕೀಲರ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಕಾಲೇಜುಗಳಲ್ಲಿ ವಿಜ್ಞಾನ ಓದಿದ ವಿದ್ಯಾರ್ಥಿಗಳೆಲ್ಲರೂ ಎಂಜಿನಿಯರಾಗುವುದಿಲ್ಲ. ಕೆಲವರು ಪಿ.ಯು.ಸಿ. ಆದೊಡನೆ ಐದು ವರ್ಷಗಳ ಕಾನೂನು ಪದವಿಗೋ, ಬೇರೊಂದು ಪದವಿಯ ಬಳಿಕ ಮೂರು ವರ್ಷಗಳ ಪದವಿಗೋ ಸೇರುತ್ತಾರೆ. ಬಾಗಲಕೋಟೆಯಲ್ಲಿಯೇ ಎಸ್. ಸಿ. ನಂದೀಮಠ ಕಾನೂನು ಕಾಲೇಜು ಇದೆ. ಹುಬ್ಬಳ್ಳಿಯ ನವನಗರದಲ್ಲಿ 2009ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವೂ, ಧಾರವಾಡದ ಹೈಕೋರ್ಟು ಪೀಠವೂ ದೂರದವಲ್ಲ. ತಂತ್ರಜ್ಞಾನದ ಕಾನೂನು, ಕೃತಕ ಬುದ್ಧಿಮತ್ತೆಯ ಕಾನೂನು ಎಂದು ಈಗ ಹೊಸ ಕಸುಬೊಂದು ಹುಟ್ಟಿರುವುದನ್ನು ಕೇಳಿದ ಇಂಥ ವಿದ್ಯಾರ್ಥಿಗಳು, ಅದಕ್ಕೆ ಯಾವ ಅಧಿನಿಯಮಗಳನ್ನು ಬಾಯಿಪಾಠ ಮಾಡಬೇಕೆಂದು ವಿಚಾರಿಸುವುದುಂಟು. ಅಧಿನಿಯಮಗಳು ಬದಲಾಗುತ್ತವೆ, ತಿದ್ದುಪಡಿಯಾಗುತ್ತವೆ, ರದ್ದಾಗುತ್ತವೆ. ಯಂತ್ರವು ತನ್ನ ಉತ್ತರವನ್ನು ಹೇಗೆ ಪಡೆಯುತ್ತದೆ, ಆ ಉತ್ತರವನ್ನು ಯಾವಾಗ ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ತಿಳಿದವನಿಗೆ ಅವುಗಳನ್ನು ಓದಿಕೊಳ್ಳುವುದು ಕಷ್ಟವಾಗದು. ತಿಳಿಯದವನಿಗೆ ಓದಿದ್ದೂ ಒದಗದು. ಈ ತಿಳಿವಳಿಕೆಗೆ ಬೇಕಾದ ಗಣಿತ ಪ್ರೌಢಶಾಲೆಯ ಮಟ್ಟವನ್ನು ಹೆಚ್ಚೇನೂ ಮೀರುವುದಿಲ್ಲ.

ಮುಂದಿನ ಪದ ಯಾವುದು?

ಮೊದಲು ಆ ಸುಳ್ಳು ತೀರ್ಪುಗಳ ರಹಸ್ಯವನ್ನೇ ನೋಡೋಣ. ಭಾಷಾಯಂತ್ರವೆಂದರೆ ಒಂದು ದೊಡ್ಡ ಗ್ರಂಥಭಂಡಾರ, ಕೇಳಿದ ಪುಸ್ತಕವನ್ನು ಅದು ಕಪಾಟಿನಿಂದ ತೆಗೆದುಕೊಡುತ್ತದೆ ಎಂದು ಬಹುಮಂದಿ ಭಾವಿಸಿದ್ದಾರೆ. ವಾಸ್ತವ ಬೇರೆ. ಅಪಾರವಾದ ಬರೆಹವನ್ನು ಓದಿಸಿ, ಒಂದು ಪದದ ಬಳಿಕ ಯಾವ ಪದ ಬರುವ ಸಂಭವ ಎಷ್ಟು ಎಂಬುದನ್ನು ಲೆಕ್ಕ ಹಾಕಲು ಆ ಯಂತ್ರವನ್ನು ಪಳಗಿಸಿರುತ್ತಾರೆ. 'ಇಳಕಲ್ಲಿನ' ಎಂದು ಬರೆದು ನಿಲ್ಲಿಸಿದರೆ, ಮುಂದೆ 'ಸೀರೆ' ಬರುವ ಸಂಭವ ಹೆಚ್ಚು, 'ಗ್ರಾನೈಟ್' ಬರುವ ಸಂಭವ ಅದಕ್ಕಿಂತ ಕಡಿಮೆ, 'ಸಮುದ್ರ' ಬರುವ ಸಂಭವ ಇಲ್ಲವೆನ್ನುವಷ್ಟು. ಓದಿದ ಬರೆಹಕ್ಕೆ ಹೊಂದುವಂತೆ ಯಂತ್ರದೊಳಗಿನ ಕೋಟ್ಯಂತರ ಗುಣಾಂಕಗಳನ್ನು ಮತ್ತೆ ಮತ್ತೆ ತಿದ್ದುತ್ತಾರೆ. ಪಳಗಿದ ಮೇಲೆ ಯಂತ್ರದಲ್ಲಿ ಉಳಿಯುವುದು ಮುಖ್ಯವಾಗಿ ಈ ಗುಣಾಂಕಗಳೇ, ಪುಸ್ತಕಗಳಲ್ಲ.

ಈಗ ಇಂಥ ಯಂತ್ರವನ್ನು, ನಮ್ಮ ಪಕ್ಷಕ್ಕೆ ಅನುಕೂಲವಾದ ಸುಪ್ರೀಂ ಕೋರ್ಟಿನ ತೀರ್ಪೊಂದನ್ನು ಹೇಳು ಎಂದು ಕೇಳಿದೆವೆನ್ನಿ. ತೀರ್ಪಿನ ಉಲ್ಲೇಖ ಹೇಗಿರುತ್ತದೆಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಒಬ್ಬ ವಾದಿ, ಒಬ್ಬ ಪ್ರತಿವಾದಿ, ನಡುವೆ 'ವಿರುದ್ಧ' ಎಂಬ ಪದ, ಸಿವಿಲ್ ಅಪೀಲಿನ ಸಂಖ್ಯೆ, ಇಸವಿ. ಪ್ರತಿಯೊಂದು ಸ್ಥಾನದಲ್ಲಿಯೂ ಅಲ್ಲಿಗೆ ಒಪ್ಪುವ ಪದವನ್ನು ಅದು ಇಡುತ್ತಾ ಹೋಗುತ್ತದೆ. ಪ್ರಸಿದ್ಧವಾದ ತೀರ್ಪಾದರೆ, ನೂರಾರು ಸಲ ಓದಿದ್ದರಿಂದ, ಪದಗಳು ಸರಿಯಾದ ಕ್ರಮದಲ್ಲಿಯೇ ಬೀಳುತ್ತವೆ. ಅಪರೂಪದ ವಿಷಯವಾದರೆ ಆಕಾರ ಮಾತ್ರ ಸರಿಯಾಗಿದ್ದು, ಒಳಗಿನದು ಕಲ್ಪಿತವಾಗುತ್ತದೆ. ಇದು ಸುಳ್ಳು ಹೇಳುವುದಲ್ಲ. ಸುಳ್ಳು ಹೇಳಬೇಕಾದರೆ ಸತ್ಯ ಗೊತ್ತಿರಬೇಕು. ಯಂತ್ರವು ಅಳೆಯುತ್ತಿರುವುದು ಸಂಭವವನ್ನು. ಸತ್ಯವೆಂಬುದು ಅದರ ಅಳತೆಗೋಲಿನಲ್ಲಿ ಗುರುತು ಹಾಕಿರದ ಒಂದು ಪರಿಮಾಣ.

ಇಳಕಲ್ಲಿನ ಸೀರೆಯನ್ನು ಕೊಳ್ಳುವ ಅನುಭವಸ್ಥ ಹೆಣ್ಣುಮಕ್ಕಳು ಮಾಡುವುದನ್ನು ಗಮನಿಸಿರಿ. ಗೋಮಿ ದಡಿಯೋ ಚಿಕ್ಕಿ ದಡಿಯೋ ಎಂಬುದು ದೂರದಿಂದಲೇ ಕಾಣುತ್ತದೆ. ಅದನ್ನು ಯಾವ ಅಚ್ಚಿನ ಬಟ್ಟೆಯ ಮೇಲಾದರೂ ಮೂಡಿಸಬಹುದು. ಬಲ್ಲವರು ಸೆರಗನ್ನು ತಿರುವಿ, ಅದು ಒಡಲಿಗೆ ಸೇರುವ ಜಾಗವನ್ನು ನೋಡುತ್ತಾರೆ. ಸೆರಗಿನ ಹಾಸಿನ ಎಳೆಗಳನ್ನು ಒಡಲಿನ ಹಾಸಿನ ಎಳೆಗಳೊಡನೆ ಕುಣಿಕೆ ಕುಣಿಕೆಯಾಗಿ ಜೋಡಿಸುವ ಕೊಂಡಿಯ ಕೆಲಸವೇ ಆ ನೇಯ್ಗೆಯ ವಿಶೇಷ. ತೀರ್ಪಿನ ಉಲ್ಲೇಖವನ್ನು ಪರೀಕ್ಷಿಸುವುದೂ ಹೀಗೆಯೇ. ಹೆಸರು, ಇಸವಿಗಳು ದಡಿಯಿದ್ದಂತೆ. ಮೂಲ ತೀರ್ಪಿಗೆ ಅವು ಕೂಡುವ ಕೊಂಡಿಯನ್ನು ನೋಡಬೇಕು. ಸುಪ್ರೀಂ ಕೋರ್ಟಿನ ವರದಿಯಾದ ತೀರ್ಪುಗಳು 2023ರಿಂದ ಇ-ಎಸ್‌ಸಿಆರ್ ಎಂಬ ಅಂತರ್ಜಾಲ ಭಂಡಾರದಲ್ಲಿ ಉಚಿತವಾಗಿ ದೊರೆಯುತ್ತವೆ; ಬಾದಾಮಿಯಲ್ಲಿ ಕುಳಿತವನಿಗೂ ದೆಹಲಿಯಲ್ಲಿ ಕುಳಿತವನಿಗೂ ಈ ವಿಷಯದಲ್ಲಿ ಭೇದವಿಲ್ಲ.

ಈಚಿನ ಯಂತ್ರಗಳು ನಿಜವಾದ ಭಂಡಾರಗಳನ್ನು ಹುಡುಕಿ, ದೊರೆತ ಬರೆಹದ ಆಧಾರದ ಮೇಲೆ ಉತ್ತರ ಕೊಡುವುದೂ ಉಂಟು. ಇದರಿಂದ ಇಲ್ಲದ ತೀರ್ಪಿನ ಕಾಟ ಕಡಿಮೆಯಾಗುತ್ತದೆ, ನಿಜ. ಆದರೆ ಇನ್ನೊಂದು ಬಗೆಯ ದೋಷ ತಲೆದೋರುತ್ತದೆ. ತೀರ್ಪು ಇರುತ್ತದೆ, ಅದರಲ್ಲಿ ಹೇಳಿದೆಯೆಂದು ಯಂತ್ರ ತಿಳಿಸಿದ ಮಾತು ಮಾತ್ರ ಅದರಲ್ಲಿ ಇರುವುದಿಲ್ಲ. ಅಥವಾ ಎದುರು ಪಕ್ಷದ ವಕೀಲರ ವಾದವನ್ನೇ ನ್ಯಾಯಾಲಯದ ನಿರ್ಣಯವೆಂದು ಯಂತ್ರ ತೆಗೆದುಕೊಂಡಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಮೊದಲಿನದಕ್ಕಿಂತ ಹೆಚ್ಚು ಅಪಾಯಕರ. ಏಕೆಂದರೆ ಹೆಸರು ಹುಡುಕಿ ಸಿಕ್ಕಿತೆಂದು ತೃಪ್ತನಾಗುವ ಓದುಗನು ಇಲ್ಲಿ ಸಿಕ್ಕಿಬೀಳುತ್ತಾನೆ.

ಕಲ್ಲಿನ ಶಾಸನ, ಕಡತದ ಮುದ್ರೆ

ಇನ್ನು ಸಾಕ್ಷ್ಯದ ವಿಚಾರ. ಈ ಲೇಖನದ ತಿರುಳು ಇಲ್ಲಿದೆ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಳೇಶನು ಬರೆಯಿಸಿದ ಬರೆಹವಿದೆ. ಶಕ 500, ಎಂದರೆ ಕ್ರಿ.ಶ. 578. ಗುಹಾಲಯವನ್ನು ಪೂರೈಸಿದುದನ್ನೂ, ಅದಕ್ಕೆ ಗ್ರಾಮವನ್ನು ದತ್ತಿಯಾಗಿ ಬಿಟ್ಟುದನ್ನೂ ಅಲ್ಲಿ ಕೊರೆದಿದ್ದಾರೆ. ಅದೊಂದು ಆಸ್ತಿಪತ್ರವೇ ಸರಿ. 'ಶಾಸನ' ಎಂಬ ಒಂದೇ ಪದವು ನಮ್ಮಲ್ಲಿ ಕಲ್ಲಿನ ಬರೆಹಕ್ಕೂ ಕಾನೂನಿಗೂ ಸಲ್ಲುವುದು ಆಕಸ್ಮಿಕವಲ್ಲ. ದತ್ತಿಯನ್ನು ಅಳಿಸಿದವನಿಗೆ ಪಾಪ ತಟ್ಟಲೆಂಬ ಶಾಪವನ್ನು ಶಾಸನಗಳ ಕೊನೆಯಲ್ಲಿ ಬರೆಯಿಸುವುದು ಅಂದಿನ ರೂಢಿ. ಆದರೆ ನಿಜವಾದ ರಕ್ಷಣೆ ಶಾಪದಲ್ಲಿರಲಿಲ್ಲ, ಕಲ್ಲಿನಲ್ಲಿತ್ತು. ಕೊರೆದ ಅಕ್ಷರವನ್ನು ತಿದ್ದಬೇಕಾದರೆ ಕಲ್ಲನ್ನು ಕೆತ್ತಬೇಕು. ಕೆತ್ತಿದರೆ ಗಾಯ ಕಾಣುತ್ತದೆ. ಕಾಗದದಲ್ಲಿಯೂ ಹೀಗೆಯೇ. ಅಂಕಿಯನ್ನು ಅಳಿಸಿ ಬರೆದರೆ ಕಾಗದದ ನಾರು ಎದ್ದಿರುತ್ತದೆ, ಮಸಿಯ ಬಣ್ಣ ಬೇರೆಯಿರುತ್ತದೆ.

ವಿದ್ಯುನ್ಮಾನ ಕಡತಕ್ಕೆ ಈ ಗುಣವಿಲ್ಲ. ಅದರಲ್ಲಿರುವುದು ಸೊನ್ನೆ ಮತ್ತು ಒಂದುಗಳ ಸಾಲು. ಸೊನ್ನೆಯಿದ್ದಲ್ಲಿ ಒಂದನ್ನು ಬರೆದರೆ ಆ ಒಂದಕ್ಕೆ ಗಾಯದ ಗುರುತು ಇರುವುದಿಲ್ಲ. ನಮ್ಮ ರಾಜ್ಯದ ಪಹಣಿಗಳು ಈ ಶತಮಾನದ ಮೊದಲ ವರ್ಷಗಳಲ್ಲಿಯೇ 'ಭೂಮಿ' ಯೋಜನೆಯ ಮೂಲಕ ಕೈಬರೆಹದ ಪುಸ್ತಕದಿಂದ ಗಣಕಯಂತ್ರಕ್ಕೆ ಬಂದವು; ಸುಮಾರು ಎರಡು ಕೋಟಿ ದಾಖಲೆಗಳು. ಆಲಮಟ್ಟಿಯ ಹಿನ್ನೀರಿಗೆ ಹೊಲ, ಮನೆ, ಊರಿನ ಭಾಗವನ್ನೇ ಬಿಟ್ಟುಕೊಟ್ಟ ಬಾಗಲಕೋಟೆಯ ಸುತ್ತಿನ ಜನರಿಗೆ ಪಹಣಿಯ ಒಂದು ಅಂಕಿಯ ಬೆಲೆ ಏನೆಂದು ವಿವರಿಸಬೇಕಾಗಿಲ್ಲ. ಪರಿಹಾರದ ಮೊತ್ತ ನಿಲ್ಲುವುದು ಎಕರೆ ಗುಂಟೆಗಳ ಮೇಲೆ, ನೀರಾವರಿಯೋ ಒಣಬೇಸಾಯವೋ ಎಂಬುದರ ಮೇಲೆ.

ಹಾಗಾದರೆ ಗಾಯವಾಗದ ವಸ್ತುವಿನಲ್ಲಿ ಗಾಯವನ್ನು ಕಾಣುವುದು ಹೇಗೆ? ಇದಕ್ಕೆ ಗಣಿತಜ್ಞರು ಕಂಡುಕೊಂಡ ಉಪಾಯದ ಹೆಸರು ಹ್ಯಾಷ್. ಒಂದು ಆಟಿಕೆಯ ಮಾದರಿಯಿಂದ ಅದನ್ನು ವಿಶದಪಡಿಸಬಹುದು. ಸರ್ವೆ ನಂಬರು 145, ವಿಸ್ತೀರ್ಣ 3 ಎಕರೆ 20 ಗುಂಟೆ ಎಂದಿಟ್ಟುಕೊಳ್ಳಿ. ಅಂಕಿಗಳು ಕ್ರಮವಾಗಿ 1, 4, 5, 3, 2, 0. ಮೊದಲನೆಯದನ್ನು 1ರಿಂದ, ಎರಡನೆಯದನ್ನು 2ರಿಂದ, ಹೀಗೆ ಸ್ಥಾನಸಂಖ್ಯೆಯಿಂದ ಗುಣಿಸಿ ಕೂಡಿಸಿರಿ. 1 + 8 + 15 + 12 + 10 + 0 = 46. ಈ 46 ಎಂಬುದು ಆ ದಾಖಲೆಯ ಮುದ್ರೆ. ಅದನ್ನು ಬೇರೊಂದು ಕಡೆ ಬರೆದಿಡಿ. ಯಾರೋ 3 ಎಕರೆಯನ್ನು 8 ಎಕರೆ ಮಾಡಿದರೆನ್ನಿ. ನಾಲ್ಕನೆಯ ಸ್ಥಾನದಲ್ಲಿ 12ರ ಬದಲು 32 ಬಂದು ಮೊತ್ತ 66 ಆಗುತ್ತದೆ. ಕಡತವನ್ನು ನೋಡಿದರೆ ತಿಳಿಯದ ತಿದ್ದುಪಡಿ ಮುದ್ರೆಯನ್ನು ಹೋಲಿಸಿದರೆ ತಿಳಿಯಿತು.

ಈ ಆಟಿಕೆಯನ್ನು ಮೋಸಗೊಳಿಸುವುದು ಸುಲಭ. 1, 4, 5, 3, 2, 0ರ ಬದಲು 3, 3, 5, 3, 2, 0 ಎಂದು ಬರೆದು ಮೊತ್ತ ಹಾಕಿ ನೋಡಿರಿ. ಮತ್ತೆ 46ೇ ಬರುತ್ತದೆ. ಬೇರೆ ಬೇರೆ ಕಡತಗಳಿಗೆ ಒಂದೇ ಮುದ್ರೆ ಬೀಳುವ ಇಂಥ ಡಿಕ್ಕಿಯನ್ನು ಯಾರೂ ಬೇಕೆಂದು ಹುಡುಕಿ ತೆಗೆಯಲಾಗದಂತೆ ರಚಿಸಿದುದೇ ನಿಜವಾದ ಹ್ಯಾಷ್ ವಿಧಾನ. ಎಸ್‌ಎಚ್‌ಎ-256 ಎಂಬುದರಲ್ಲಿ ಮುದ್ರೆಯ ಉದ್ದ 256 ದ್ವಿಮಾನ ಅಂಕಿಗಳು. ಸಾಧ್ಯವಿರುವ ಮುದ್ರೆಗಳ ಸಂಖ್ಯೆ 2ರ 256ನೆಯ ಘಾತ, ಎಂದರೆ 1ರ ಮುಂದೆ 77 ಸೊನ್ನೆಗಳನ್ನಿಟ್ಟರೆ ಬರುವ ಸಂಖ್ಯೆಗಿಂತ ತುಸು ಹೆಚ್ಚು. ಕಡತದಲ್ಲಿ ಒಂದೇ ಒಂದು ಅಂಕಿ ಬದಲಾದರೂ ಮುದ್ರೆಯ ಸುಮಾರು ಅರ್ಧದಷ್ಟು ಅಂಕಿಗಳು ಬದಲಾಗುತ್ತವೆ.

ಇದು ಈಗ ಪ್ರಯೋಗಶಾಲೆಯ ವಿನೋದವಾಗಿ ಉಳಿದಿಲ್ಲ. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸುವವನು ಅದರೊಡನೆ ಪ್ರಮಾಣಪತ್ರವನ್ನು ಕೊಡಲೇಬೇಕೆಂದು ಸುಪ್ರೀಂ ಕೋರ್ಟು 2014ರ ಅನ್ವರ್ ಪ್ರಕರಣದಲ್ಲಿ ಹೇಳಿ, 2020ರ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಸ್ಥಿರಪಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣವು ಆ ಪ್ರಮಾಣಪತ್ರಕ್ಕೆ ಒಂದು ನಮೂನೆಯನ್ನೇ ಕೊಟ್ಟಿದೆ. ಅದರಲ್ಲಿ ಒಂದು ಭಾಗವನ್ನು ದಾಖಲೆ ಹಾಜರುಪಡಿಸುವ ಪಕ್ಷದವರು, ಇನ್ನೊಂದನ್ನು ತಜ್ಞರು ತುಂಬಬೇಕು. ಎರಡರಲ್ಲಿಯೂ ಹ್ಯಾಷ್ ಮೌಲ್ಯಕ್ಕೆ ಜಾಗವಿದೆ. ಹುನಗುಂದದ ನ್ಯಾಯಾಲಯದಲ್ಲಿ ಒಂದು ವಿಡಿಯೋವನ್ನು ಹಾಜರುಪಡಿಸುವ ವಕೀಲನಿಗೂ ಈಗ ಈ ಗಣಿತ ಅನಿವಾರ್ಯ.

ಅಷ್ಟೇ ಅಲ್ಲ. ಆ ನಮೂನೆಯಲ್ಲಿ ಎಸ್‌ಎಚ್‌ಎ-256ರ ಜೊತೆಗೆ ಎಂಡಿ5, ಎಸ್‌ಎಚ್‌ಎ-1 ಎಂಬ ಹಳೆಯ ವಿಧಾನಗಳೂ ಸೇರಿವೆ. ಎಂಡಿ5ರಲ್ಲಿ ಡಿಕ್ಕಿಯನ್ನು ಉಂಟುಮಾಡಬಹುದೆಂದು ಚೀನದ ಗಣಿತಜ್ಞೆ ವಾಂಗ್ ಷಿಯಾವ್‌ಯುನ್ ಮತ್ತು ಅವರ ಸಂಗಡಿಗರು 2004ರಲ್ಲಿ ತೋರಿಸಿದರು. ಎಸ್‌ಎಚ್‌ಎ-1ಕ್ಕೂ 2017ರಲ್ಲಿ ಅದೇ ಗತಿಯಾಯಿತು. ಕಾನೂನಿನ ಪುಸ್ತಕವನ್ನಷ್ಟೇ ಓದಿದವನು ಮೂರು ಮುದ್ರೆಗಳೂ ಸಮಾನವೆಂದು ತಿಳಿಯುತ್ತಾನೆ. ಗಣಿತವನ್ನೂ ಬಲ್ಲವನು, ಎಂಡಿ5 ಒಂದನ್ನೇ ಕೊಟ್ಟಿರುವುದೇಕೆಂದು ಎದುರು ಪಕ್ಷವನ್ನು ಕೇಳುತ್ತಾನೆ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಸಂತೆಯಲ್ಲಿ ನಡೆದ ಜಗಳವನ್ನು ಒಬ್ಬನು ಮೊಬೈಲಿನಲ್ಲಿ ಚಿತ್ರಿಸಿ ವಾಟ್ಸಾಪಿನ ಮೂಲಕ ಗೆಳೆಯನಿಗೆ ಕಳುಹಿಸಿದನೆನ್ನಿ. ಸಾಗಣೆ ಹಗುರವಾಗಲೆಂದು ವಾಟ್ಸಾಪು ಸಾಮಾನ್ಯವಾಗಿ ವಿಡಿಯೋವನ್ನು ಸಂಕೋಚನಗೊಳಿಸುತ್ತದೆ. ಕಣ್ಣಿಗೆ ಎರಡೂ ಒಂದೇ. ಕಡತಗಳು ಮಾತ್ರ ಬೇರೆ, ಮುದ್ರೆಗಳೂ ಬೇರೆ. ಆದುದರಿಂದ ಮುದ್ರೆ ಹೊಂದಲಿಲ್ಲವೆಂದ ಮಾತ್ರಕ್ಕೆ ಮೋಸ ನಡೆದಿದೆ ಎನ್ನಲಾಗದು. ಹಾಗೆಯೇ ಮುದ್ರೆ ಹೊಂದಿತೆಂದರೆ, ಮುದ್ರೆ ತೆಗೆದ ಬಳಿಕ ಕಡತ ಬದಲಾಗಿಲ್ಲವೆಂದಷ್ಟೇ ಅರ್ಥ; ಅದಕ್ಕೆ ಮೊದಲೇ ಯಂತ್ರವು ಆ ವಿಡಿಯೋವನ್ನು ಕಲ್ಪಿಸಿ ಸೃಷ್ಟಿಸಿದ್ದರೆ ಮುದ್ರೆ ಅದನ್ನು ಹೇಳುವುದಿಲ್ಲ. ಮೂಲ ಚಿತ್ರವಿರುವ ಮೊಬೈಲನ್ನೇ ಜೋಪಾನವಾಗಿಡುವಂತೆ ಕಕ್ಷಿದಾರನಿಗೆ ಮೊದಲ ದಿನವೇ ಹೇಳುವ ವಕೀಲನು ಅರ್ಧ ಮೊಕದ್ದಮೆಯನ್ನು ಗೆದ್ದಂತೆ.

ಜಾತ್ರೆಯಲ್ಲಿ ಒಬ್ಬ

ಯಂತ್ರವು ಮುಖವನ್ನು ಗುರುತಿಸುತ್ತದೆಂದೂ, ಅದರ ನಿಖರತೆ ನೂರಕ್ಕೆ 99.9 ಎಂದೂ ಕೇಳಿದರೆ ಯಾರಿಗಾದರೂ ಭರವಸೆ ಮೂಡುತ್ತದೆ. ಬಾದಾಮಿಯ ಹತ್ತಿರದ ಬನಶಂಕರಿ ಜಾತ್ರೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಲೆಕ್ಕದ ಅನುಕೂಲಕ್ಕಾಗಿ ಒಂದು ಲಕ್ಷ ಜನ ಸೇರಿದ್ದಾರೆ, ಅವರಲ್ಲಿ ಪೊಲೀಸರಿಗೆ ಬೇಕಾದವನು ಒಬ್ಬನಿದ್ದಾನೆ, ಕ್ಯಾಮೆರಾ ಪ್ರತಿಯೊಬ್ಬರ ಮುಖವನ್ನೂ ಆ ಒಬ್ಬನ ಭಾವಚಿತ್ರದೊಡನೆ ಹೋಲಿಸುತ್ತಿದೆ ಎಂದು ಭಾವಿಸಿರಿ. ನಿರಪರಾಧಿಯನ್ನು ಅಪರಾಧಿಯೆಂದು ತಪ್ಪಾಗಿ ತೋರಿಸುವ ಸಂಭವ ಸಾವಿರಕ್ಕೆ ಒಂದು ಮಾತ್ರ. ಲಕ್ಷ ಜನರಲ್ಲಿ ಹೀಗೆ ತಪ್ಪಾಗಿ ಸಿಕ್ಕುವವರು ಸುಮಾರು ನೂರು ಮಂದಿ. ನಿಜವಾದವನೂ ಸಿಕ್ಕಿದನೆಂದರೆ ಒಟ್ಟು ನೂರಾ ಒಂದು. ಎಂದಮೇಲೆ, ಯಂತ್ರ ಬೆರಳು ಮಾಡಿ ತೋರಿಸಿದ ಒಬ್ಬ ವ್ಯಕ್ತಿ ನಿಜವಾಗಿಯೂ ಆ ಅಪರಾಧಿಯಾಗಿರುವ ಸಂಭವ ನೂರಕ್ಕೆ ಒಂದರಷ್ಟು, 99.9 ಅಲ್ಲ!

ಇಲ್ಲಿ ಯಾವ ಸಂಖ್ಯೆಯೂ ಸುಳ್ಳಲ್ಲ. ನಿರಪರಾಧಿಯು ಸಿಕ್ಕುವ ಸಂಭವವೂ, ಸಿಕ್ಕಿದವನು ನಿರಪರಾಧಿಯಾಗಿರುವ ಸಂಭವವೂ ಒಂದೇ ಎಂದು ಭಾವಿಸಿದುದರಲ್ಲಿ ತಪ್ಪಿದೆ. ಪಿ.ಯು.ಸಿ.ಯ ಗಣಿತದಲ್ಲಿ ಬೇಯ್ಸ್ ಪ್ರಮೇಯವೆಂದು ಕಲಿಸುವುದು ಇದನ್ನೇ. ಅಮೆರಿಕದ ಡೆಟ್ರಾಯಿಟ್ ನಗರದ ಪೊಲೀಸರು 2020ರ ಜನವರಿಯಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬಾತನನ್ನು ಮನೆಯ ಮುಂದೆ, ಹೆಂಡತಿ ಮಕ್ಕಳ ಕಣ್ಣೆದುರಿಗೆ ಬಂಧಿಸಿದರು. ಕಳ್ಳತನದ ದೃಶ್ಯವೊಂದರ ಮಸುಕಾದ ಮುಖಕ್ಕೂ ಆತನ ಭಾವಚಿತ್ರಕ್ಕೂ ಯಂತ್ರ ಹೊಂದಿಕೆ ಕಂಡಿತ್ತು. ಆತ ಕಳ್ಳನಲ್ಲ. 2024ರಲ್ಲಿ ನಗರಾಡಳಿತವು ಆತನೊಡನೆ ರಾಜಿ ಮಾಡಿಕೊಂಡು, ಮುಖಹೊಂದಿಕೆಯೊಂದನ್ನೇ ಆಧರಿಸಿ ಯಾರನ್ನೂ ಬಂಧಿಸಬಾರದೆಂಬ ನಿಯಮಕ್ಕೆ ಒಪ್ಪಿತು.

ಪ್ರಯೋಗಶಾಲೆಯಲ್ಲಿ ವರ್ನಿಯರ್ ಮಾಪಕವನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಗೆ ಮೊದಲು ಶೂನ್ಯದೋಷವನ್ನು ನೋಡಲು ಹೇಳುತ್ತೇವೆ. ಯಂತ್ರದ ವರದಿ ಕೈಗೆ ಬಂದ ವಕೀಲನ ಪಾಟೀಸವಾಲೂ ಅಲ್ಲಿಂದಲೇ ಆರಂಭವಾಗಬೇಕು. ಎಷ್ಟು ಜನರೊಡನೆ ಹೋಲಿಸಿದಿರಿ? ಹೊಂದಿಕೆಯೆನ್ನಲು ಯಾವ ಮಿತಿಯನ್ನು ಇಟ್ಟುಕೊಂಡಿರಿ? ಯಾವ ಜನರ ಮುಖಗಳಿಂದ ಯಂತ್ರವನ್ನು ಪಳಗಿಸಿದ್ದರು? ಈ ಮೂರನ್ನು ಕೇಳಲು ಗಣಕವಿಜ್ಞಾನದ ಪದವಿ ಬೇಕಾಗಿಲ್ಲ.

ಓದಬೇಕಾದ ಕಾನೂನುಗಳು

ಅಧಿನಿಯಮಗಳನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮಕ್ಕೆ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಅದು ಹಂತಹಂತವಾಗಿ ಜಾರಿಗೆ ಬರತಕ್ಕದ್ದಾಗಿದೆ. ಉಲ್ಲಂಘನೆಗೆ 250 ಕೋಟಿ ರೂಪಾಯಿಗಳವರೆಗೆ ದಂಡವುಂಟು. ಇಷ್ಟು ದೊಡ್ಡ ದಂಡದ ಭಯವಿರುವ ಬ್ಯಾಂಕು, ಆಸ್ಪತ್ರೆ, ಸಹಕಾರ ಸಂಘಗಳಿಗೆಲ್ಲ ಇದನ್ನು ಬಲ್ಲ ಸಲಹೆಗಾರರು ಬೇಕಾಗುತ್ತಾರೆ. ಕೃತಕ ಬುದ್ಧಿಮತ್ತೆಗೆಂದೇ ಪ್ರತ್ಯೇಕ ಅಧಿನಿಯಮವನ್ನು ಯೂರೋಪಿನ ಒಕ್ಕೂಟ 2024ರಲ್ಲಿ ಜಾರಿಗೆ ತಂದಿತು. ಭಾರತವು 2025ರ ಕೊನೆಯವರೆಗೆ ಅಂಥದನ್ನು ರಚಿಸದೆ ಮಾರ್ಗಸೂಚಿಗಳನ್ನಷ್ಟೇ ಹೊರಡಿಸಿತ್ತು. ಯಂತ್ರವು ರಚಿಸಿದ ಕೃತಿಗೆ ಕರ್ತೃ ಯಾರೆಂಬುದು ಇನ್ನೊಂದು ಜಟಿಲ ಪ್ರಶ್ನೆ. ಗಣಕಯಂತ್ರದಿಂದ ಸೃಷ್ಟಿಯಾದ ಕೃತಿಗೆ, ಅದು ಸೃಷ್ಟಿಯಾಗುವಂತೆ ಮಾಡಿದ ವ್ಯಕ್ತಿಯೇ ಕರ್ತೃವೆಂದು ನಮ್ಮ ಕೃತಿಸ್ವಾಮ್ಯದ ಕಾನೂನು ಹೇಳುತ್ತದೆ. ಆದರೆ ಆ ವಾಕ್ಯವನ್ನು ಬರೆದಾಗ ಈಗಿನ ಯಂತ್ರಗಳು ಹುಟ್ಟಿರಲಿಲ್ಲ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ನೋಂದಣಿಯಿದೆ. ನೂರಾರು ದಡಿಗಳ ಚಿತ್ರಗಳನ್ನು ಯಂತ್ರಕ್ಕೆ ಉಣಿಸಿ, ಹೊಸ ದಡಿಯನ್ನು ಬರೆಸಿ, ದೂರದ ಊರಿನ ವಿದ್ಯುತ್‌ಮಗ್ಗದಲ್ಲಿ ನೇಯಿಸಿದರೆ ಇಳಕಲ್ಲಿನ ನೇಕಾರನು ಯಾವ ಕಾನೂನಿನ ಬಾಗಿಲನ್ನು ತಟ್ಟಬೇಕು? ಸೂಚಕವು ಹೆಸರನ್ನು ಕಾಯುತ್ತದೆ; ಹೆಸರು ಹೇಳದೆ ಮಾಡಿದ ಅನುಕರಣವನ್ನು ತಡೆಯುವುದು ಕಷ್ಟ. ಬಾಗಲಕೋಟೆ ಜಿಲ್ಲೆಯ ಕಾನೂನು ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಬಂಧವಸ್ತು ನನಗಂತೂ ತೋರದು.

ಒಂದು ತೀರ್ಪನ್ನು ಮಾತ್ರ ಎಲ್ಲರೂ ಮೂಲದಲ್ಲಿ ಓದಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ಎಂಬತ್ತರ ಮೇಲೆ ವಯಸ್ಸು. ಆ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ದತ್ತಾಂಶದ ಕಾನೂನೆಲ್ಲ ನಮ್ಮ ದೇಶದಲ್ಲಿ ಆ ತೀರ್ಪಿನ ನೆರಳಿನಲ್ಲಿ ಬೆಳೆಯುತ್ತಿದೆ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಲಾವಣಿ ಎಂದರೇನು?

ತಂತ್ರಜ್ಞಾನದ ಕಾನೂನೆಂದರೆ ಬೆಂಗಳೂರಿನ ಗಾಜಿನ ಕಟ್ಟಡಗಳ ಕೆಲಸವೆಂಬ ಭಾವನೆ ನಮ್ಮ ಭಾಗದ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಅಲ್ಲಿ ಕೆಲಸವಿದೆ, ನಿಜ. ಆದರೆ ಬೆಂಗಳೂರಿನವರು ಮಾಡಲಾರದ, ಈ ನೆಲದವರೇ ಮಾಡಬೇಕಾದ ಕೆಲಸವೊಂದುಂಟು.

ತೀರ್ಪುಗಳನ್ನು ದೇಶಭಾಷೆಗಳಿಗೆ ಅನುವಾದಿಸಲು ಸುಪ್ರೀಂ ಕೋರ್ಟು 2019ರ ನವೆಂಬರಿನಲ್ಲಿ 'ಸುವಾಸ್' ಎಂಬ ಯಂತ್ರಾನುವಾದದ ವ್ಯವಸ್ಥೆಯನ್ನು ಆರಂಭಿಸಿತು. ಅದರ ಭಾಷೆಗಳಲ್ಲಿ ಕನ್ನಡವೂ ಸೇರಿದೆ. ಇಂಗ್ಲಿಷಿನಲ್ಲಿ ಮೇಲ್ಮನವಿಗೆ ಅನುಮತಿಯಿತ್ತಿದೆ ಎಂಬರ್ಥದ 'ಲೀವ್ ಗ್ರಾಂಟೆಡ್' ಎಂಬ ಮಾತನ್ನು ಯಂತ್ರವು ಹಿಂದಿಯಲ್ಲಿ ರಜೆ ಮಂಜೂರಾಗಿದೆ ಎಂದು ಅನುವಾದಿಸಿದುದನ್ನು ನ್ಯಾಯಮೂರ್ತಿಗಳೇ ಉದಾಹರಿಸಿದ್ದಾರೆ. ನಗಬಹುದಾದ ತಪ್ಪು, ನಕ್ಕು ತಿದ್ದಿಕೊಳ್ಳಬಹುದು.

ಎದುರು ದಿಕ್ಕಿನ ಅನುವಾದದಲ್ಲಿ ತಪ್ಪಾದರೆ ನಗಲಾಗದು. ತಾಲ್ಲೂಕು ನ್ಯಾಯಾಲಯಗಳಲ್ಲಿ ಸಾಕ್ಷಿಯ ಹೇಳಿಕೆ ಕನ್ನಡದಲ್ಲಿರುತ್ತದೆ; ಅಪೀಲು ಧಾರವಾಡದ ಪೀಠಕ್ಕೆ ಹೋದಾಗ ಅದರ ಇಂಗ್ಲಿಷ್ ಬೇಕು. ಹುನಗುಂದದ ಕಡೆಯ ರೈತನೊಬ್ಬನು, 'ಹೊಲಾ ಮೊದಲ ಲಾವಣಿಗೆ ಕೊಟ್ಟಿದ್ದೆ, ಆಮ್ಯಾಲೆ ಒತ್ತಿ ಹಾಕಿದೆ' ಎಂದನೆನ್ನಿ. ಯಂತ್ರ ಓದಿದ ಗ್ರಂಥರಾಶಿಯಲ್ಲಿ ಲಾವಣಿಯೆಂದರೆ ಹೆಚ್ಚಾಗಿ ಹಾಡು. ಒತ್ತಿಯೆಂದರೆ ಗುಂಡಿಯನ್ನು ಒತ್ತುವ ಕ್ರಿಯೆ. ಸಂಭವದ ಲೆಕ್ಕ ಹಿಡಿದು ಹೊರಟ ಯಂತ್ರವು ಆ ಅರ್ಥಗಳತ್ತ ವಾಲುವುದು ಸಹಜ. ನಮ್ಮ ಕಡೆ ಲಾವಣಿಯೆಂದರೆ ಗೊತ್ತಾದ ಹಣಕ್ಕೋ ಕಾಳಿಗೋ ಹೊಲವನ್ನು ಉಳಲು ಬಿಡುವ ಕರಾರು. ಒತ್ತಿಯೆಂದರೆ ಸಾಲಕ್ಕೆ ಈಡಾಗಿ ಸ್ವಾಧೀನವನ್ನೇ ಬಿಟ್ಟುಕೊಡುವ ಅಡಮಾನ. ಭೂಸುಧಾರಣೆಯ ಕಾನೂನಿನಲ್ಲಿ ಈ ಎರಡಕ್ಕೂ ಅಜಗಜಾಂತರ. ಲಾವಣಿ ಹಿಡಿದವನು ಗೇಣಿದಾರನೆನಿಸಬಹುದು, 1974ರ ತಿದ್ದುಪಡಿಯ ಬಳಿಕ ಅದರಿಂದ ಹೊಲದ ಒಡೆತನದ ಪ್ರಶ್ನೆಯೇ ಏಳಬಹುದು. ಒತ್ತಿ ಹಿಡಿದವನು ಗೇಣಿದಾರನಲ್ಲ, ಸಾಲ ತೀರಿದೊಡನೆ ಹೊಲ ಬಿಡತಕ್ಕವನು. ಎರಡು ಪದಗಳ ಅನುವಾದದಲ್ಲಿ ಹೊಲ ಯಾರದೆಂಬುದು ನಿಂತಿದೆ.

ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವಿರುವುದನ್ನು ಕೊರತೆಯೆಂದು ಎಣಿಸುವವರಿದ್ದಾರೆ. ನಾನು ಹಾಗೆಣಿಸುವುದಿಲ್ಲ. ಯಂತ್ರ ಕೊಟ್ಟ ಇಂಗ್ಲಿಷ್ ಪುಟವನ್ನೂ ಸಾಕ್ಷಿಯ ಕನ್ನಡ ಪುಟವನ್ನೂ ಅಕ್ಕಪಕ್ಕ ಇಟ್ಟುಕೊಂಡು, ಕಡತ ಧಾರವಾಡಕ್ಕೆ ಹೋಗುವ ಮುನ್ನ ಲಾವಣಿ, ಒತ್ತಿ ಎಂಬಲ್ಲಿ ಗೆರೆಯೆಳೆದು, ಸರಿಯಾದ ಇಂಗ್ಲಿಷ್ ಪದವನ್ನು ಅಂಚಿನಲ್ಲಿ ಬರೆಯಬಲ್ಲ ಕಿರಿಯ ವಕೀಲರಿಗೆ ಬಾಗಲಕೋಟೆಯ ವಕೀಲರ ಕಚೇರಿಗಳಲ್ಲಿಯೇ ಕೆಲಸವಿದೆ.